ಒಬ್ಬರ ಸಹಿಯ ಖಾತೆ

ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಶಾಹಿದಾ ಬಹಳ ವರ್ಷ ಕೆಲಸ ಮಾಡಿದ್ದಳು. ರೋಗಿಗಳ ಊಟದ ಟ್ರೇಗಳನ್ನು ಗಾಡಿಯಲ್ಲಿ ಜೋಡಿಸಿಕೊಂಡು ವಾರ್ಡಿನಿಂದ ವಾರ್ಡಿಗೆ ಹಂಚುವುದು ಅವಳ ಪಾಲಿನ ಕೆಲಸ. ಗಂಡ ಜಲೀಲ್ ಬಂದರಿನಲ್ಲಿ ಕಂಟೇನರ್ ಲಾರಿಗಳಿಗೆ ಸರದಿ ಹಾಕಿಕೊಡುವ ಆಫೀಸಿನಲ್ಲಿದ್ದ. ಅವನು ಮೈಸೂರಿನವನು, ಅವಳು ಗದಗಿನವಳು. ಮನೆಯಲ್ಲಿ ಉರ್ದು, ಕನ್ನಡ, ಇಂಗ್ಲಿಷು ಮೂರನ್ನೂ ಕಲಸಿ ಮಾತಾಡುತ್ತಿದ್ದರು. ಹೈಸ್ಕೂಲಿನಲ್ಲಿದ್ದ ಮಗಳು ಇರಮ್ ಮೂರನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಮಾತ್ರ ಉತ್ತರ ಕೊಡುತ್ತಿದ್ದಳು.

ದಾನವ್ವನ ಪರಿಚಯವಾದದ್ದು ಅದೇ ಆಸ್ಪತ್ರೆಯಲ್ಲಿ. ದಾನವ್ವ ಬಾಗಲಕೋಟೆಯ ಮುದುಕಿ. ಸ್ಯಾನ್ ಹೋಸೆಯ ಎವರ್‌ಗ್ರೀನ್‌ನಲ್ಲಿದ್ದ ಮಗ ಅಜಯನ ಮನೆಗೆ ಬಂದಿದ್ದಾಗ ಪಿತ್ತಕೋಶದಲ್ಲಿ ಕಲ್ಲು ಕಾಣಿಸಿಕೊಂಡಿತು. ಪ್ರವಾಸಿಗರ ಇನ್ಶೂರೆನ್ಸಿನವರು ಒಪ್ಪಿದ್ದು ಈ ಆಸ್ಪತ್ರೆಯನ್ನು ಮಾತ್ರ. ಆಪರೇಷನ್ನೇನೋ ಸಲೀಸಾಗಿ ಮುಗಿದಿತ್ತು, ಆದರೆ ಮುದುಕಿ ಊಟ ಮುಟ್ಟುತ್ತಿರಲಿಲ್ಲ. ಟ್ರೇ ಇಡಲು ಹೋದ ಶಾಹಿದಾಳ ಕಿವಿಗೆ ಗೊಣಗಾಟ ಬಿತ್ತು.

"ನೀರಾಗ ಅದ್ದಿದ ಹತ್ತಿ ಇದ್ದಂಗ ಐತಿ ಇದು. ಒಯ್ಯವ್ವಾ, ನಾ ಒಲ್ಲೆ."

"ಎರಡು ತುತ್ತರ ತಿನ್ರಿ ಅವ್ವಾ. ಹೊಟ್ಟಿ ಖಾಲಿ ಇದ್ರ ಗುಳಿಗಿ ಹೆಂಗ ನುಂಗ್ತೀರಿ?"

ದಾನವ್ವ ತಲೆದಿಂಬಿನಿಂದ ಎದ್ದೇಬಿಟ್ಟಳು. ತಲೆಗೆ ಸ್ಕಾರ್ಫು, ಕೈಗೆ ಪ್ಲಾಸ್ಟಿಕ್ ಗ್ಲೌಸು ಹಾಕಿಕೊಂಡ ಹೆಂಗಸನ್ನು ಮೇಲಿಂದ ಕೆಳಗೆ ನೋಡಿ, "ಯಾವ ಊರಾಕಿ ನೀ?" ಎಂದಳು.

"ಗದಗ ರೀ."

"ಗದಗೂ!" ಎಂದು ಮುದುಕಿ ಅವಳ ಕೈ ಹಿಡಿದು ಬಿಡಲೇ ಇಲ್ಲ.

ಮರುದಿನ ನರ್ಸನ್ನು ಕೇಳಿ, ಒಪ್ಪಿಗೆ ಪಡೆದು, ಶಾಹಿದಾ ಮನೆಯಿಂದ ಜೋಳದ ರೊಟ್ಟಿ ತಂದಳು. ಮೃದುವಾದವು ಒಂದೆರಡು, ಒಣಗಿಸಿದ ಕಡಕ್ ರೊಟ್ಟಿ ಒಂದಷ್ಟು, ಜೊತೆಗೆ ಗುರೆಳ್ಳಿನ ಚಟ್ನಿಪುಡಿ. ದಾನವ್ವ ಮೆಲ್ಲಗೆ ಮುರಿದು ತಿಂದಳು. ಪಕ್ಕದಲ್ಲಿ ಕುಳಿತಿದ್ದ ಸೊಸೆ ದೀಪಾಲಿಯೂ ಒಂದು ಚೂರು ಬಾಯಿಗೆ ಹಾಕಿಕೊಂಡಳು. ಅಗಿಯುತ್ತ ಅಗಿಯುತ್ತ ಇನ್ನೊಂದು ಚೂರು ಮುರಿದುಕೊಂಡಳು. ಆಮೇಲೆ ಇಡೀ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು.

ದೀಪಾಲಿ ಆಗಷ್ಟೇ ಕೆಲಸ ಕಳೆದುಕೊಂಡಿದ್ದಳು. ಮೆನ್ಲೋ ಪಾರ್ಕಿನ ಕಂಪನಿಯೊಂದು ಅವಳ ಇಡೀ ತಂಡವನ್ನು ಒಂದು ಬೆಳಿಗ್ಗೆ ಇಮೇಲಿನಲ್ಲೇ ಮನೆಗೆ ಕಳಿಸಿತ್ತು. ಮತ್ತೆ ಇಂಟರ್‌ವ್ಯೂಗಳಿಗೆ ಅಲೆದು, ತನಗಿಂತ ಚಿಕ್ಕವರ ಎದುರು ಕುಳಿತು, ಅವಳಿಗೆ ಸಾಕಾಗಿತ್ತು. ಆಸ್ಪತ್ರೆಯಿಂದ ಅತ್ತೆಯನ್ನು ಕರೆದುಕೊಂಡು ಹೋದ ಮುಂದಿನ ವಾರ ಅವಳು ಶಾಹಿದಾಳ ಅಪಾರ್ಟ್‌ಮೆಂಟಿಗೆ ಬಂದಳು.

"ಅಕ್ಕಾ, ಈ ರುಚಿ ಇಲ್ಲಿ ಯಾವ ಗ್ರೋಸರಿಯಾಗೂ ಸಿಗೂದಿಲ್ಲ. ನೀ ಮಾಡು, ನಾ ಮಾರ್ತೀನಿ. ಇಬ್ರೂ ಕೂಡಿ ಒಂದು ಕಂಪನಿ ಮಾಡೂಣು. ಅರ್ಧಾ ನಿಂದು, ಅರ್ಧಾ ನಂದು."

ಅಷ್ಟು ಸಲೀಸಾಗಿ ಯಾರೂ ಶಾಹಿದಾಳಿಗೆ ಯಾವುದರಲ್ಲೂ ಅರ್ಧ ಕೊಟ್ಟಿರಲಿಲ್ಲ. ಅವಳು ನಕ್ಕು, "ಮೊದಲ ಚಾ ಕುಡಿ" ಎಂದಳು. ಆದರೆ ಆ ವಾರವೆಲ್ಲ ಟ್ರೇ ಹಂಚುವಾಗ ಅದೇ ಮಾತು ತಲೆಯಲ್ಲಿ ಓಡುತ್ತಿತ್ತು.

ಕಂಪನಿಗೆ 'ಜೋಳದ ಮನಿ' ಎಂದು ಹೆಸರಿಟ್ಟರು. ಮೊದಲಿಗೆ ಪರಿಚಯದವರಿಗೆ, ಆಮೇಲೆ ಫ್ರೀಮಾಂಟಿನ ಎರಡು ಅಂಗಡಿಗಳಿಗೆ. ಅಂಗಡಿಗೆ ಕೊಡಬೇಕಾದರೆ ಲೈಸೆನ್ಸ್ ಇರುವ ಅಡುಗೆಮನೆ ಬೇಕೆಂದು ತಿಳಿದಾಗ, ಓಕ್ಲ್ಯಾಂಡಿನಲ್ಲೇ ನಾಲ್ಕಾರು ಜನ ಹಂಚಿಕೊಂಡು ಬಳಸುವ ಬಾಡಿಗೆ ಅಡುಗೆಮನೆಯಲ್ಲಿ ಒಂದು ಮೂಲೆ ಹಿಡಿದರು. ಶಾಹಿದಾ ಆಸ್ಪತ್ರೆಯ ಕೆಲಸ ಬಿಟ್ಟಳು. ಬಿಡುವಾಗ ಜಲೀಲ್ ಒಂದೇ ಮಾತು ಕೇಳಿದ: "ಯೋಚ್ನೆ ಮಾಡಿದೀಯ ತಾನೆ?" ಅವಳು ಮಾಡಿದ್ದಳು.

ಇನ್ನು ಉಳಿದದ್ದು ಬ್ಯಾಂಕು. ಅಂಗಡಿಯವರು ಕಂಪನಿಯ ಹೆಸರಿಗೆ ಚೆಕ್ಕು ಬರೆಯುತ್ತಿದ್ದರು, ಅದನ್ನು ಹಾಕಲು ಕಂಪನಿಯ ಹೆಸರಿನ ಖಾತೆ ಬೇಕು. ಈ ಹುಡುಕಾಟ ಇಬ್ಬರಿಗೂ ಶುರುವಿನಲ್ಲಿ ಮಜವಾಗಿಯೇ ಇತ್ತು. ಓಕ್ಲ್ಯಾಂಡಿನ ಡೌನ್‌ಟೌನಿನಲ್ಲಿ ಬ್ಯಾಂಕಿಗೇನು ಬರ. ಬ್ರಾಡ್‌ವೇ ಉದ್ದಕ್ಕೂ ಒಂದಾದ ಮೇಲೊಂದು ನಿಂತಿದ್ದವು. ಇಬ್ಬರೂ ಒಳ್ಳೆಯ ಬಟ್ಟೆ ಹಾಕಿಕೊಂಡು, ಹೆಣ್ಣು ನೋಡಲು ಹೋದವರ ಹಾಗೆ ಒಂದೊಂದರಲ್ಲೂ ಕುಳಿತು, ಅವರು ಕೊಟ್ಟ ತಣ್ಣನೆಯ ನೀರು ಕುಡಿದು, ಸಣ್ಣ ಪ್ರಶ್ನೆ ದೊಡ್ಡ ಪ್ರಶ್ನೆ ಕೇಳಿ ಬರುತ್ತಿದ್ದರು. ಒಂದರಲ್ಲಿ ತಿಂಗಳ ಫೀ ಜಾಸ್ತಿ. ಒಂದರ ಶಾಖೆಯನ್ನು ಮುಂದಿನ ವರ್ಷ ಮುಚ್ಚುತ್ತಾರಂತೆ. ಮತ್ತೊಂದಕ್ಕೆ ಶಾಖೆಯೇ ಇಲ್ಲ, ಎಲ್ಲ ಫೋನಿನಲ್ಲೇ.

"ಫೋನಿನಾಗ ಇರೋ ಬ್ಯಾಂಕ್ ಬ್ಯಾಡವ್ವಾ. ಏನರ ಆದ್ರ ಯಾರ ಮುಂದ ಹೋಗಿ ನಿಂದ್ರೂದು?" ಎಂದಳು ಶಾಹಿದಾ.

"ಖರೇ" ಎಂದಳು ದೀಪಾಲಿ.

ಕೊನೆಗೆ ಇಬ್ಬರಿಗೂ ಒಪ್ಪಿಗೆಯಾದದ್ದು ಒಂದು ದೊಡ್ಡ ಬ್ಯಾಂಕು. ಊರೂರಿಗೆ ಶಾಖೆ, ಎವರ್‌ಗ್ರೀನ್‌ನಲ್ಲೂ ಒಂದು. ಅಲ್ಲಿನ ಆಫೀಸರು ನಗುಮುಖದ ಮನುಷ್ಯ. ಇಬ್ಬರ ಪಾಸ್‌ಪೋರ್ಟು, ಕಂಪನಿಯ ಒಪ್ಪಂದಪತ್ರ ಎಲ್ಲ ತೆಗೆದುಕೊಂಡು, ರೊಟ್ಟಿ ಅಂದರೆ ಏನು ಎಂದು ವಿಚಾರಿಸಿ, ಒಮ್ಮೆ ರುಚಿ ನೋಡಬೇಕು ಎಂದ. ದೀಪಾಲಿಯ ಹೆಸರು ಕಂಪ್ಯೂಟರಿಗೆ ಹಾಕಿದ. ಶಾಹಿದಾಳ ಪೂರ್ತಿ ಹೆಸರು ಹಾಕಿದ. ಪರದೆ ನೋಡುತ್ತ ಸ್ವಲ್ಪ ಹೊತ್ತು ಕುಳಿತ. ಆಮೇಲೆ, ಇದು ಸಣ್ಣ ಪರಿಶೀಲನೆಗೆ ಹೋಗಿದೆ, ಫೋನ್ ಮಾಡುತ್ತೇವೆ ಎಂದು ಎದ್ದು ಕೈಕುಲುಕಿದ. ನಗು ಹಾಗೇ ಇತ್ತು.

ಫೋನು ಬರಲಿಲ್ಲ. ಕಾದು ಕಾದು ಇವರೇ ಹೋದರು. ಅದೇ ಆಫೀಸರು ಈ ಸಲ ಒಳಗೆ ಕರೆಯದೆ ಕೌಂಟರಿನ ಪಕ್ಕದಲ್ಲೇ ನಿಲ್ಲಿಸಿ ಮಾತಾಡಿದ. ಸದ್ಯದ ಮಾಲೀಕತ್ವದಲ್ಲಿ ಖಾತೆ ತೆರೆಯಲು ಆಗುವುದಿಲ್ಲ. ಕಾರಣ? ಕಾರಣ ಹೇಳಲು ತನಗೆ ಅಧಿಕಾರವಿಲ್ಲ. ನಿಜ ಹೇಳಬೇಕೆಂದರೆ ಕಾರಣ ತನಗೂ ಗೊತ್ತಿಲ್ಲ.

"ನನ್ನ ಹೆಸರಾ?" ಎಂದು ಶಾಹಿದಾ ಇಂಗ್ಲಿಷಿನಲ್ಲಿ ಕೇಳಿದಳು.

ಅವನು ಅವಳ ಕಡೆ ನೋಡದೆ ದೀಪಾಲಿಯ ಕಡೆ ತಿರುಗಿ, ಮಾಲೀಕರು ಬೇರೆ ರೀತಿಯಲ್ಲಿದ್ದರೆ ಮತ್ತೆ ಅರ್ಜಿ ಹಾಕಬಹುದು ಎಂದ. ಬೇರೆ ರೀತಿ ಅಂದರೆ ಏನು ಎಂದು ಇಬ್ಬರಿಗೂ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ.

ಹೊರಗೆ ಬಂದ ಮೇಲೆ ದೀಪಾಲಿಗೆ ಸಿಟ್ಟೇ ಬಂದಿತ್ತು. ಫುಟ್‌ಪಾತಿನಲ್ಲಿ ನಿಂತು, "ಎಂಥಾ ಮಂದಿ ಇವ್ರು! ಇಂಥಾ ಬ್ಯಾಂಕ್ ನಮಗ ಬ್ಯಾಡೇ ಬ್ಯಾಡ. ನಡಿ ಅಕ್ಕಾ" ಎಂದು ಶಾಹಿದಾಳ ತೋಳು ಹಿಡಿದು ಎಳೆದುಕೊಂಡು ಹೋದಳು. ಆ ಸಿಟ್ಟು ಸುಳ್ಳಾಗಿರಲಿಲ್ಲ. ಮುಂದೆ ಎಷ್ಟು ಕಹಿಯಾದರೂ ಶಾಹಿದಾ ಅದನ್ನು ಸುಳ್ಳೆಂದು ಅಂದುಕೊಳ್ಳಲಿಲ್ಲ.

ಫ್ರೂಟ್‌ವೇಲಿನ ಕಡೆ ಒಂದು ಕ್ರೆಡಿಟ್ ಯೂನಿಯನ್ ಇತ್ತು, ನಮ್ಮ ಕಡೆಯ ಸಹಕಾರಿ ಬ್ಯಾಂಕಿನ ಥರ. ಬೇಕರಿಯ ಪಕ್ಕದ ಹಳೆಯ ಕಟ್ಟಡ. ಒಳಗೆ ಎರಡೇ ಕಿಟಕಿ. ಮ್ಯಾನೇಜರು ನರೆಗೂದಲ ಕರಿಯ ಹೆಂಗಸು. ಶಾಹಿದಾ ಮೊದಲೇ ನಡೆದದ್ದನ್ನೆಲ್ಲ ಹೇಳಿದಳು. ಆಕೆ ತಲೆಯಾಡಿಸಿ, ಇಂಥ ಹೆಸರುಗಳಿಗೆ ಹೀಗೆ ಆಗುವುದನ್ನು ಬಹಳ ನೋಡಿದ್ದೇನೆ, ಸರ್ಕಾರದ ಶಂಕಿತರ ಪಟ್ಟಿಯ ಯಾವುದೋ ಹೆಸರನ್ನು ಹೋಲುತ್ತದೆ, ಅಷ್ಟೇ ಎಂದಳು. ನಾವೂ ಪರಿಶೀಲನೆಗೆ ಕಳಿಸಬೇಕು, ಕೆಲವು ವಾರ ಹಿಡಿಯಬಹುದು, ಆದರೆ ಸಾಮಾನ್ಯವಾಗಿ ಆಗುತ್ತದೆ, ಕಾಯುತ್ತೀರಾ ಎಂದು ಕೇಳಿದಳು.

"ಕಾಯೂಣೇನು?" ಎಂದು ಶಾಹಿದಾ ದೀಪಾಲಿಯ ಮುಖ ನೋಡಿದಳು.

"ಅಜಯನ್ನ ಒಂದ್ ಮಾತ್ ಕೇಳ್ತೀನಿ" ಎಂದಳು ದೀಪಾಲಿ.

ಆ ಭಾನುವಾರ ಶಾಹಿದಾಳ ಮನೆಯವರನ್ನೆಲ್ಲ ಎವರ್‌ಗ್ರೀನ್‌ಗೆ ಊಟಕ್ಕೆ ಕರೆದಿದ್ದರು. ಗುಡ್ಡದ ಮೇಲಿನ ಮನೆ. ಊಟದ ಮೇಜಿನಿಂದ ಕೆಳಗಿನ ಊರೆಲ್ಲ ಕಾಣುತ್ತಿತ್ತು. ಎಣ್ಣೆಗಾಯಿ, ಝುಣಕ, ಶಾಹಿದಾ ತಂದ ರೊಟ್ಟಿ. ಊಟ ಮುಗಿಯುತ್ತಲೇ ಅಜಯ ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದ. ಬ್ಯಾಂಕುಗಳನ್ನೆಲ್ಲ ಸಾಲಾಗಿ ಬರೆದು, ಎದುರಿಗೆ ಫೀ, ಆ್ಯಪು, ಶಾಖೆ, ಸಾಲದ ಅನುಕೂಲ ಎಂದು ಅಂಕ ಕೊಟ್ಟಿದ್ದ. ಕೊನೆಯ ಕಾಲಮ್ಮಿನ ಮೇಲೆ 'ಫ್ರಿಕ್ಷನ್', ಅಂದರೆ ತೊಡಕು, ಎಂದಿತ್ತು. ಕ್ರೆಡಿಟ್ ಯೂನಿಯನ್ನಿನ ಎದುರು ಅಲ್ಲಿ ಕೆಂಪು. ದೊಡ್ಡ ಬ್ಯಾಂಕಿನ ಸಾಲು ಎರಡು ಸಲ ಇತ್ತು. ಒಂದರಲ್ಲಿ ಕೆಂಪು, 'ಒಬ್ಬರೇ ಮಾಲೀಕರು' ಎಂದು ಬರೆದ ಇನ್ನೊಂದರಲ್ಲಿ ಹಸಿರು.

"ಪರ್ಸನಲ್ ಆಗಿ ತಗೋಬ್ಯಾಡ್ರಿ ಅಕ್ಕಾರ" ಎಂದ ಅಜಯ. "ಡೇಟಾ ಅಷ್ಟೇ ಇದು. ಕ್ರೆಡಿಟ್ ಯೂನಿಯನ್‌ಗೆ ಸರಿಯಾದ ಆ್ಯಪ್ ಕೂಡ ಇಲ್ಲ. ನಾಳೆ ದೊಡ್ಡ ಚೈನ್ ಸ್ಟೋರ್ ಆರ್ಡರ್ ಕೊಟ್ರೆ ಅವ್ರ ಪೇಮೆಂಟ್ ಸಿಸ್ಟಮ್‌ಗೆ ಹೆಂಗ್ ಕನೆಕ್ಟ್ ಮಾಡ್ತೀರಿ? ವಾರಗಟ್ಲೆ ಕಾಯೋದು, ಆಮ್ಯಾಲೆ ಅವ್ರೂ ಆಗಲ್ಲ ಅಂದ್ರ? ಸದ್ಯಕ್ಕ ದೀಪಾಲಿ ಒಬ್ಬಳ ಹೆಸರಿನಾಗ ಇರ್ಲಿ. ನಮ್ಮ ನಮ್ಮೊಳಗ ಅರ್ಧ ಅರ್ಧಾನೇ. ಒಂದಷ್ಟು ದಿನ ಆದ್ಮ್ಯಾಲೆ ನಿಮ್ಮನ್ನೂ ಸೇರಿಸಿದ್ರಾತು."

"ಏನದು ಫ್ರಿಕ್ಷನ್ ಅಂದ್ರ?" ಎಂದು ದಾನವ್ವ ಕೇಳಿದಳು. ಎಲೆ ಅಡಿಕೆ ಹಾಕಿಕೊಂಡು ಸೋಫಾದ ತುದಿಯಲ್ಲಿ ಕುಳಿತಿದ್ದಳು.

ದೀಪಾಲಿ ಮೇಜಿನ ಮೇಲಿದ್ದ ಶಾಹಿದಾಳ ಕೈಯ ಮೇಲೆ ತನ್ನ ಕೈ ಇಟ್ಟಳು. "ಹೆಸರಿಗಷ್ಟ ಅಕ್ಕಾ. ನಿನಗ ನನ್ನ ಮ್ಯಾಲೆ ನಂಬಿಗಿ ಇಲ್ಲೇನು?"

ಆ ಪ್ರಶ್ನೆಗೆ ಇಲ್ಲ ಎನ್ನುವುದು ಹೇಗೆ? ಶಾಹಿದಾಳ ಮನೆಯ ಫ್ರಿಜ್ಜಿನ ಮೇಲೆ ಅಂಗಡಿಗಳ ಚೆಕ್ಕುಗಳು ಹಾಕಲು ಜಾಗವಿಲ್ಲದೆ ಬಿದ್ದಿದ್ದವು. ಆಸ್ಪತ್ರೆಯ ಕೆಲಸ ಬಿಟ್ಟಾಗಿತ್ತು. ಶಾಹಿದಾ ಹೂಂ ಎಂದಳು. ಮೊದಲಿನ ಒಪ್ಪಂದ ರದ್ದಾಯಿತು ಎನ್ನುವ ಕಾಗದವನ್ನು ಅಜಯ ಆಗಲೇ ತಯಾರು ಮಾಡಿಟ್ಟಿದ್ದ. ಅವಳು ಸಹಿ ಹಾಕಿದಳು. ಜಲೀಲ್ ಕಿಟಕಿಯ ಹೊರಗೆ ನೋಡುತ್ತಿದ್ದ.

ಫ್ರೀವೇಯಲ್ಲಿ ಬರುವಾಗ ಅವನು ಬಾಯಿ ಬಿಟ್ಟ. "ಒಪ್ಕೊಂಡ್ಬಿಟ್ಯಲ್ಲ."

"ನೀವರ ಒಂದ್ ಮಾತ್ ಆಡಬೇಕಿತ್ತು."

"ನಾನೇನು ಆಡ್ಲಿ? ಏರ್‌ಪೋರ್ಟಲ್ಲಿ ಪ್ರತೀ ಸಲ ನನ್ನನ್ನ ಪಕ್ಕಕ್ಕೆ ಕರೀತಾರೆ. ಆಗ ಏನು ಆಡ್ತೀನಿ, ಹೇಳು?"

ಹಿಂದಿನ ಸೀಟಿನಿಂದ ಇರಮ್, "ಅಮ್ಮಿ, ದಟ್ ವಾಸ್ ನಾಟ್ ಓಕೆ" ಎಂದಳು. ಯಾರದು ತಪ್ಪು ಎಂದು ಅವಳು ಹೇಳಲಿಲ್ಲ, ಶಾಹಿದಾ ಕೇಳಲೂ ಇಲ್ಲ.

ದೊಡ್ಡ ಬ್ಯಾಂಕಿನಲ್ಲಿ ದೀಪಾಲಿಯ ಹೆಸರಿಗೆ ಖಾತೆ ಮರುದಿನವೇ ತೆರೆಯಿತು. ವ್ಯಾಪಾರ ಬೆಳೆಯಿತು. ಸನ್ನಿವೇಲ್, ಡಬ್ಲಿನ್, ಸ್ಯಾನ್ ರಮೋನಿನ ಅಂಗಡಿಗಳು ಕೇಳಿಕೊಂಡು ಬಂದವು. ರೊಟ್ಟಿ ಬಡಿಯಲು ಇಬ್ಬರು ಹೆಂಗಸರನ್ನು ಇಟ್ಟುಕೊಂಡರು. ಹಿಟ್ಟಿಗೆ ಕುದಿನೀರು ಎಷ್ಟು, ಹದ ಬಂದದ್ದು ಬೆರಳಿಗೆ ಹೇಗೆ ಗೊತ್ತಾಗುತ್ತದೆ, ಗುರೆಳ್ಳು ಯಾವ ಚಟಪಟ ಸದ್ದಿಗೆ ಒಲೆಯಿಂದ ಇಳಿಸಬೇಕು, ಎಲ್ಲವನ್ನೂ ಶಾಹಿದಾ ಅವರ ಪಕ್ಕದಲ್ಲಿ ನಿಂತು ಕಲಿಸಿದಳು. ದೀಪಾಲಿ ಎಲ್ಲವನ್ನೂ ಫೋನಿನಲ್ಲಿ ವಿಡಿಯೊ ಮಾಡಿಕೊಂಡಳು. ತಿಂಗಳು ಮುಗಿದಾಗ ಶಾಹಿದಾಳ ಪಾಲು ಅವಳ ಕೈಗೆ ಬರುತ್ತಿತ್ತು. ಎಷ್ಟು ಬಂತು, ಎಷ್ಟು ಹೋಯಿತು ಎಂದು ಅವಳೂ ಕೇಳುತ್ತಿರಲಿಲ್ಲ. ಕೇಳಿದರೆ ನಂಬಿಕೆ ಇಲ್ಲ ಎಂದಾದೀತು.

ಆದರೆ ಸಣ್ಣ ಸಣ್ಣ ವಿಷಯಗಳು ಮುಳ್ಳಿನಂತೆ ಚುಚ್ಚತೊಡಗಿದವು. ಒಂದು ದಿನ ಜೋಳದ ಹಿಟ್ಟಿನ ಲಾರಿ ಬಂತು. ಹಣ ಕೊಡದೆ ಇಳಿಸುವುದಿಲ್ಲ ಎಂದ ಡ್ರೈವರು. ಶಾಹಿದಾಳ ಬಳಿ ಕಂಪನಿಯ ಕಾರ್ಡಿಲ್ಲ. ದೀಪಾಲಿಗೆ ಫೋನು ಹಚ್ಚಿದರೆ ಮೀಟಿಂಗು. ಲಾರಿ ಹಾಗೇ ವಾಪಸು ಹೋಯಿತು. ಕೆಲಸದ ಹೆಂಗಸರು ಅವಳ ಮುಖ ನೋಡಿ, ಆಮೇಲೆ ತಮ್ಮ ತಮ್ಮೊಳಗೇ ಕಣ್ಣು ಕೂಡಿಸಿದರು.

ಇನ್ನೊಂದು ದಿನ ಬ್ಯಾಂಕಿಗೆ ಚೆಕ್ಕು ಹಾಕಲು ಹೋದಳು. ಹೋದ ತಿಂಗಳ ಅಂಗಡಿಯವರ ಚೆಕ್ಕು ಪಾಸಾಗಿದೆಯೇ ಎಂದು ಕೌಂಟರಿನಲ್ಲಿ ಕೇಳಿದಳು. ಕೌಂಟರಿನ ಹುಡುಗಿ ನಯವಾಗಿಯೇ, ನೀವು ಹಣ ಹಾಕಬಹುದು ಮೇಡಂ, ಯಾರು ಬೇಕಾದರೂ ಹಾಕಬಹುದು, ಆದರೆ ಖಾತೆಯ ವಿಷಯ ಹೊರಗಿನವರಿಗೆ ಹೇಳಲಾಗುವುದಿಲ್ಲ ಎಂದಳು.

"ದೀಪಾ, ನನ್ನ ಹೆಸರು ಸೇರಿಸೂದು ಯಾವಾಗ?" ಎಂದು ಅವತ್ತು ಕೇಳಿದಳು.

"ಮಾಡೂಣು ಅಕ್ಕಾ. ಈಗ ಆ ಡಿಸ್ಟ್ರಿಬ್ಯೂಟರ್ ಜೋಡಿ ಮಾತು ನಡದೈತಿ. ಈಗ ಅಕೌಂಟ್ ಮುಟ್ಟಾಕ ಹೋದ್ರ ಎಲ್ಲಾ ಮತ್ತ ರಿವ್ಯೂಗೆ ಹೋಗ್ತೈತಿ. ಇದೊಂದ್ ಮುಗೀಲಿ."

ಅದು ಮುಗಿಯಿತು. ಕ್ಯಾಲಿಫೋರ್ನಿಯಾದ ಉದ್ದಗಲಕ್ಕೂ ಅಂಗಡಿಗಳಿಗೆ ಸರಕು ಹಂಚುವ ಕಂಪನಿ ಒಪ್ಪಿತು. ಒಂದು ಬೆಳಿಗ್ಗೆ ಅಡುಗೆಮನೆಗೆ ಹೊಸ ಕವರುಗಳ ಪೆಟ್ಟಿಗೆಗಳು ಬಂದವು. ಶಾಹಿದಾ ಚಾಕುವಿನಿಂದ ಟೇಪು ಕೊಯ್ದು ಒಂದನ್ನು ತೆಗೆದಳು. 'ಜೋಳದ ಮನಿ' ಎಂಬ ಹೆಸರು ಇರಲಿಲ್ಲ. 'ದಾನವ್ವನ ರೊಟ್ಟಿ' ಎಂದಿತ್ತು. ಇಳಕಲ್ ಸೀರೆ ಉಟ್ಟು, ಮೂಗಿಗೆ ನತ್ತು ಇಟ್ಟುಕೊಂಡ ದಾನವ್ವ ರೊಟ್ಟಿ ಬಡಿಯುವಂತೆ ಕುಳಿತ ಚಿತ್ರ. ಗುರೆಳ್ಳು ಪುಡಿಯ ಕವರಿನ ಹಿಂದೆ ಇಂಗ್ಲಿಷಿನಲ್ಲಿ ಬರೆದಿದ್ದರು: ಇದು ನಮ್ಮ ಅತ್ತೆಗೆ ಅವರ ತಾಯಿ ಕಲಿಸಿದ ರುಚಿ.

ಅದು ಶಾಹಿದಾಳ ತಾಯಿಯ ರುಚಿ. ಗದಗಿನ ಬೆಟಗೇರಿಯಲ್ಲಿ ಮಗ್ಗದ ಮನೆಯ ಹಿಂದಿನ ಒಲೆಯ ಮುಂದೆ ಕುಳಿತು, ಗುರೆಳ್ಳು ಹುರಿಯುವಾಗ ಅಮ್ಮ ಮಾತು ನಿಲ್ಲಿಸಿಬಿಡುತ್ತಿದ್ದಳು; ಸದ್ದು ಕೇಳಬೇಕಲ್ಲ. ದಾನವ್ವ ಈ ದೇಶದಲ್ಲಿ ಒಂದು ರೊಟ್ಟಿಯನ್ನೂ ಬಡಿದಿರಲಿಲ್ಲ.

ಮಧ್ಯಾಹ್ನ ದೀಪಾಲಿ ಬಂದಾಗ ಶಾಹಿದಾ ಕವರನ್ನು ಮೇಜಿನ ಮೇಲೆ ಇಟ್ಟಳು. ಕೆಲಸದ ಹೆಂಗಸರು ಅಲ್ಲೇ ಇದ್ದರು.

"ಇದೇನು?"

"ಚಂದ ಬಂದೈತೆಲ್ಲ? ಅವ್ರ ಮಾರ್ಕೆಟಿಂಗ್ ಟೀಮ್ ಹೇಳಿದ್ದು. ಅಜ್ಜಿ ಮುಖ ಇದ್ರ ಮಂದಿ ಕೈ ಹಾಕ್ತಾರಂತ."

"ಅಜ್ಜಿ ಬೇಕಾಗಿದ್ರ ನಮ್ಮವ್ವನ ಫೋಟೋ ಐತಿ ನನ್ನ ಹತ್ರ. ಆಕೀದ ಇದು."

"ಅಕ್ಕಾ, ಪ್ರಾಕ್ಟಿಕಲ್ ಆಗಿ ವಿಚಾರ ಮಾಡು."

"ನಾ ಎಲ್ಲಿ ಅದೀನಿ ಇದ್ರಾಗ, ದೀಪಾ? ಬ್ಯಾಂಕಿನಾಗ ಇಲ್ಲ. ಕಾಗದದಾಗ ಇಲ್ಲ. ಕವರಿನ ಮ್ಯಾಲೂ ಇಲ್ಲ. ನನ್ನ ಹೆಸರು ಎಲ್ಲಿ ಐತಿ ತೋರ್ಸು."

"ನಿನ್ನ ಹೆಸರು ಹಾಕಿದ್ದಕ್ಕ ಒಂದ್ ಅಕೌಂಟ್ ಸೈತ ಕೊಡ್ಲಿಲ್ಲಲ್ಲ ಶಾಹಿದಾ!"

ಮಾತು ಬಾಯಿಂದ ಬಿದ್ದ ಕ್ಷಣವೇ ದೀಪಾಲಿಯ ಮುಖ ಬಿಳಿಚಿಕೊಂಡಿತು. ಯಾವತ್ತೂ ಅವಳು ಬರೀ ಹೆಸರು ಹಿಡಿದು ಕರೆದವಳಲ್ಲ. ಒಂದು ಹೆಜ್ಜೆ ಮುಂದೆ ಬಂದಳು. ಕ್ಷಮೆ ಕೇಳುತ್ತಾಳೆ ಎಂದು ಶಾಹಿದಾ ಕಾದಳು. ಹಾಗೆ ಕಾದದ್ದನ್ನು ಆಮೇಲೆ ನೆನೆದಾಗ ಅವಳಿಗೇ ನಾಚಿಕೆಯಾಗುತ್ತಿತ್ತು. ದೀಪಾಲಿ ದನಿ ತಗ್ಗಿಸಿ ಹೇಳಿದ್ದು ಬೇರೆ: "ತಿಂಗಳಾ ತಿಂಗಳಾ ಫಿಕ್ಸ್ ಪಗಾರ ಮಾಡ್ತೀನಿ. ಹೆಡ್ ಕುಕ್ ಅಂತ. ಇನ್ಶೂರೆನ್ಸೂ ಕೊಡ್ತೀನಿ. ನಿನಗ ಯಾವ ಟೆನ್ಶನ್ನೂ ಬ್ಯಾಡ."

ಶಾಹಿದಾ ಏಪ್ರನ್ನು ಬಿಚ್ಚಿ ಮಡಿಸಿ ಇಟ್ಟಳು. ಒಲೆಯ ಮೇಲೆ ಗುರೆಳ್ಳು ಇತ್ತು. ಕೆಲಸದ ಹೆಂಗಸೊಬ್ಬಳು ಸರಿಯಾದ ಹೊತ್ತಿಗೆ ಅದನ್ನು ಇಳಿಸಿದಳು.

ಜಲೀಲ್ ಅವಳನ್ನು ಓಕ್ಲ್ಯಾಂಡಿನಲ್ಲಿ ಬಡವರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುವ ಕಡೆ ಕರೆದುಕೊಂಡು ಹೋದ. ವಕೀಲೆ ಎಲ್ಲ ಸಮಾಧಾನವಾಗಿ ಕೇಳಿಸಿಕೊಂಡಳು. ನಮ್ಮ ನಮ್ಮೊಳಗೆ ಅರ್ಧ ಅರ್ಧ ಎಂದದ್ದಕ್ಕೆ ಬರಹ ಏನಾದರೂ ಇದೆಯೇ ಎಂದಳು. ಇಲ್ಲ. ಮೊದಲಿನ ಒಪ್ಪಂದ ರದ್ದಾಗಲೆಂದು ಸಹಿ ಹಾಕುವಾಗ ಯಾರಾದರೂ ಒತ್ತಾಯ ಮಾಡಿದರೇ ಎಂದಳು. ಒತ್ತಾಯವೆಂದರೇನು? ಊಟಕ್ಕೆ ಕರೆದಿದ್ದರು, ಕೈಯ ಮೇಲೆ ಕೈ ಇಟ್ಟಿದ್ದರು. ಶಾಹಿದಾ "ನೋ" ಎಂದಳು. ಮೊಕದ್ದಮೆ ಹೂಡಬಹುದು, ಆದರೆ ವರ್ಷಗಟ್ಟಲೆ ಎಳೆಯುತ್ತದೆ, ಗೆಲ್ಲುತ್ತೀರೆಂದು ನಾನು ಹೇಳಲಾರೆ ಎಂದಳು ವಕೀಲೆ. ಇಬ್ಬರೂ ಎದ್ದು ಬಂದರು.

ಆಸ್ಪತ್ರೆಯವರು ಶಾಹಿದಾಳನ್ನು ಮತ್ತೆ ತೆಗೆದುಕೊಂಡರು. ಹಳೆಯ ಸೇವೆ ಲೆಕ್ಕಕ್ಕಿಲ್ಲ, ಹೊಸಬಳಂತೆ ಮೊದಲಿನಿಂದ. ಹಿಂದೆ ಅಲ್ಲಿ ಅವಳು ಕೆಲಸ ಕಲಿಸಿದ್ದ ಹುಡುಗಿ ಈಗ ಅವಳ ಸೂಪರ್‌ವೈಸರು. ಸಂಬಳ ಹಾಕಿಸಿಕೊಳ್ಳಲು ತನ್ನದೇ ಒಂದು ಖಾತೆ ಬೇಕೆಂದು ಅವಳು ಹಟ ಹಿಡಿದಳು. ಜಲೀಲನ ಜೊತೆಯ ಹಳೆಯ ಜಂಟಿ ಖಾತೆ ಸಾಕಲ್ಲ ಎಂದರೆ ಕೇಳಲಿಲ್ಲ. ಒಬ್ಬಳೇ ಬಸ್ಸು ಹಿಡಿದು ಫ್ರೂಟ್‌ವೇಲಿಗೆ ಹೋದಳು. ಅದೇ ನರೆಗೂದಲ ಮ್ಯಾನೇಜರಿಗೆ ಅವಳ ನೆನಪಿತ್ತು.

"ನಿಮ್ಮ ಜೊತೆ ಇದ್ದವರು?" ಎಂದು ಕೇಳಿದಳು.

"ಅವರು ಬೇರೆ ಬ್ಯಾಂಕ್ ಆರಿಸಿಕೊಂಡರು" ಎಂದಳು ಶಾಹಿದಾ.

ಆಕೆ ಮತ್ತೇನೂ ಕೇಳದೆ ಪೂರ್ತಿ ಹೆಸರನ್ನು ಟೈಪು ಮಾಡಿದಳು. ಅರ್ಜಿ ಪರಿಶೀಲನೆಗೆ ಹೋಯಿತು. ವಾರ ಕಳೆಯುವುದರೊಳಗೆ ಖಾತೆ ಆಯಿತೆಂದು ಫೋನು ಬಂತು. ಆ ಸುದ್ದಿಗೆ ಸಂತೋಷವಾಗಬೇಕಿತ್ತು. ಶಾಹಿದಾ ಫೋನು ಇಟ್ಟು ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತಳು. ಒಂದು ವಾರ. ಅಷ್ಟು ದಿನ ಅವಳಿಗಾಗಿ ಕಾಯಲು ಯಾರಿಂದಲೂ ಆಗಿರಲಿಲ್ಲ.

ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಹೋಗುವುದು ಅವಳಿಗೆ ಬೇಡವಾಗಿತ್ತು. ಇರಮ್ ಗೆಳತಿಯರ ಜೊತೆ ಒಂದು ಡಾನ್ಸಿನಲ್ಲಿದ್ದಳು, ಹೋಗಲೇಬೇಕಾಯಿತು. ಸ್ಯಾನ್ ಹೋಸೆಯ ಶಾಲೆಯೊಂದರ ದೊಡ್ಡ ಹಾಲು. ಹೊರಗಿನ ಕಾರಿಡಾರಿನಲ್ಲಿ ಮಳಿಗೆಗಳು: ಸೀರೆ, ರಿಯಲ್ ಎಸ್ಟೇಟು, ಮಕ್ಕಳ ಗಣಿತದ ಟ್ಯೂಷನ್ನು. ಅವುಗಳ ನಡುವೆ 'ದಾನವ್ವನ ರೊಟ್ಟಿ'. ಬ್ಯಾನರಿನ ಪಕ್ಕದಲ್ಲಿ ಕುರ್ಚಿ ಹಾಕಿ ದಾನವ್ವನನ್ನು ಕೂರಿಸಿದ್ದರು. ಅದೇ ಇಳಕಲ್ ಸೀರೆ, ಅದೇ ನತ್ತು. ಜನ ಒಬ್ಬೊಬ್ಬರಾಗಿ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಮುದುಕಿ ಶಾಹಿದಾಳನ್ನು ದೂರದಿಂದಲೇ ಕಂಡಳು. "ಶಾಹೀದವ್ವಾ!" ಎಂದು ಕೂಗಿದಳು. ಹೋಗದೆ ಗತಿಯಿರಲಿಲ್ಲ. ದೀಪಾಲಿ ಮಳಿಗೆಯ ಆ ತುದಿಯಲ್ಲಿ ಯಾರಿಗೋ ಚೀಲ ಕಟ್ಟಿಕೊಡುತ್ತಿದ್ದವಳು ತಲೆಯೆತ್ತಿ ನೋಡಿ, ಮತ್ತೆ ಚೀಲಕ್ಕೆ ತಿರುಗಿದಳು.

ದಾನವ್ವ ಅವಳ ಕೈಯನ್ನು ಆಸ್ಪತ್ರೆಯಲ್ಲಿ ಹಿಡಿದ ಹಾಗೆಯೇ ಹಿಡಿದಳು. "ನನ್ನ ಮ್ಯಾಲೆ ಸಿಟ್ಟಾಗಬ್ಯಾಡ ನನ್ನವ್ವಾ. ಇಲ್ಲಿ ಕುಂದ್ರು ಅಂದ್ರು, ಕುಂತೆ. ಸೀರಿ ಉಡು ಅಂದ್ರು, ಉಟ್ಟೆ. ಮಂದಿ ಬಂದು ನಿಮ್ಮ ಕೈಗುಣ ಭಾಳ ಛಲೋ ಐತಿ ಅಂತಾರ. ನಾ ಏನ್ ಹೇಳ್ಲಿ?"

'ಖರೇ ಹೇಳ್ರಿ' ಎಂಬ ಮಾತು ಶಾಹಿದಾಳ ನಾಲಿಗೆಯ ತುದಿಗೆ ಬಂದಿತ್ತು. ಸಂಜೆ ಇದೇ ಮಗ ಸೊಸೆಯ ಮನೆಗೆ ಹೋಗಿ ಉಣ್ಣಬೇಕಾದ ಮುದುಕಿಗೆ ಹಾಗೆ ಹೇಳುವುದಾದರೂ ಹೇಗೆ. "ನಿಮ್ಮ ಮ್ಯಾಲೆ ಸಿಟ್ಟಿಲ್ಲ ಬಿಡ್ರಿ ಅವ್ವಾ" ಎಂದಳು. ಸಿಟ್ಟಿತ್ತು. ಕೈ ಬಿಡಿಸಿಕೊಂಡು ಹಾಲಿನ ಬಾಗಿಲ ಕಡೆ ನಡೆದಳು.

ಬಾಗಿಲಲ್ಲಿ ನಿಸರ್ಗಾ ಸಿಕ್ಕಳು. ಬೆಂಗಳೂರಿನವಳು, ಕನ್ನಡ ಸಂಘದಲ್ಲಿ ಓಡಾಡಿಕೊಂಡಿದ್ದವಳು, ಮೊದಲ ದಿನಗಳಲ್ಲಿ ಅವರಿಂದ ರೊಟ್ಟಿ ತರಿಸಿಕೊಳ್ಳುತ್ತಿದ್ದವಳು. ಕೈಯಲ್ಲಿ ದಾನವ್ವನ ಚಿತ್ರವಿದ್ದ ಎರಡು ಪ್ಯಾಕೆಟ್ಟು.

"ಅಯ್ಯೋ ಶಾಹಿದಾ, ಎಷ್ಟ್ ದಿನ ಆಯ್ತು! ನೀವು ಯಾಕ್ರೀ ಬಿಟ್ಬಿಟ್ರಿ? ದೀಪಾಲಿ ಹೇಳ್ತಿದ್ರು, ಬಿಸಿನೆಸ್ಸು ದೊಡ್ಡದಾಗ್ತಿದ್ದಂಗೆ ನಿಮಗೆ ರಿಸ್ಕು ಬೇಡ ಅನ್ನಿಸ್ತಂತೆ, ಸೇಫ್ ಆಗಿರೋ ಕೆಲ್ಸಕ್ಕೆ ವಾಪಸ್ ಹೋದ್ರಂತೆ. ಪಾಪ, ಅವರಿಗೆ ತುಂಬಾ ಬೇಜಾರಾಗಿತ್ತು. ಎಷ್ಟೇ ಹೇಳಿದ್ರೂ ನಿಲ್ಲಲಿಲ್ಲ ಅಂತ."

ನಿಸರ್ಗಾಳ ಮುಖದಲ್ಲಿ ಕೊಂಕಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುತ್ತಿದ್ದಳು. ಹೇಳಿದ್ದರೆ ಕೇಳಿಸಿಕೊಳ್ಳುತ್ತಿದ್ದಳು.

ಶಾಹಿದಾ ಬಾಯಿ ತೆರೆದಳು. ಎಲ್ಲಿಂದ ಶುರು ಮಾಡುವುದು? ಲಾರಿಯಿಂದ? ಕವರಿನಿಂದ? ಎಲ್ಲಿಂದ ಶುರು ಮಾಡಿದರೂ ಕಥೆ ಹಿಂದೆ ಹಿಂದೆ ಹೋಗಿ ಬ್ಯಾಂಕಿನ ಕೌಂಟರಿನ ಮುಂದೆಯೇ ನಿಲ್ಲುತ್ತಿತ್ತು. ಬ್ಯಾಂಕಿನವರು ನನ್ನ ಹೆಸರಿಗೆ ಖಾತೆ ಕೊಡಲಿಲ್ಲ ಎನ್ನಬೇಕು. ಯಾಕೆ ಎಂದು ನಿಸರ್ಗಾ ಕೇಳುತ್ತಾಳೆ. ಗೊತ್ತಿಲ್ಲ, ಹೇಳಲಿಲ್ಲ ಎನ್ನಬೇಕು. ಛೆ ಎನ್ನುತ್ತಾಳೆ, ಅನ್ಯಾಯ ಎನ್ನುತ್ತಾಳೆ. ಆಮೇಲೆ ಕಾರಿನಲ್ಲಿ ಗಂಡನಿಗೆ ಹೇಳುತ್ತಾಳೆ. ಸುಮ್ಮಸುಮ್ಮನೆ ಹಾಗೆ ಮಾಡ್ತಾರಾ ಎಂದು ಗಂಡ ಅನ್ನುತ್ತಾನೆ. ಅಷ್ಟು ದೊಡ್ಡ ಬ್ಯಾಂಕು, ಏನೋ ಇದ್ದಿರಬೇಕು. ಅವರ ಯಜಮಾನರು ಎಲ್ಲಿ ಕೆಲಸ ಮಾಡೋದು? ಬಂದರಿನಲ್ಲಾ? ಮುಂದಿನ ವಾರದ ಹೊತ್ತಿಗೆ ಇರಮ್‌ಳ ಡಾನ್ಸಿನ ಗೆಳತಿಯರ ಮನೆಗಳಿಗೆಲ್ಲ ಆ 'ಏನೋ' ತಲುಪಿರುತ್ತದೆ.

"ಹೌದ್ರಿ" ಎಂದಳು ಶಾಹಿದಾ. "ನಿಂತು ನಿಂತು ಕಾಲು ನೋಯ್ತಿದ್ವು. ನನ್ನ ಕೈಲಿ ಆಗ್ಲಿಲ್ಲ."

"ಅದೂ ಸರಿ ಬಿಡಿ, ಆರೋಗ್ಯ ಮುಖ್ಯ" ಎಂದು ನಿಸರ್ಗಾ ಅವಳ ಭುಜ ತಟ್ಟಿ, ಒಳಗೆ ಜಾಗ ಹಿಡಿಯಲು ಹೋದಳು.

ಇರಮ್ ಡಾನ್ಸಿನ ಬಟ್ಟೆಯಲ್ಲೇ ಹಿಂದೆ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಅಮ್ಮಿ, ವೈ ವುಡ್ ಯು ಸೇ ದಟ್?" ಎಂದಳು. "ಯೂ ಲೈಡ್ ಫಾರ್ ಹರ್."

"ಆಕೀ ಸಲುವಾಗಿ ಸುಳ್ಳು ಹೇಳಿದ್ದಲ್ಲ" ಎಂದಳು ಶಾಹಿದಾ. ಮಗಳ ಜಡೆಯಿಂದ ಜಾರುತ್ತಿದ್ದ ಹೂವಿಗೆ ಪಿನ್ನು ಸಿಕ್ಕಿಸಿದಳು. "ಹೋಗು, ನಿಮ್ಮ ಗುಂಪಿನವ್ರು ಕರೀಲಿಕ್ಹತ್ಯಾರ."

ಇರಮ್ ಹೋಗಲಿಲ್ಲ. ತಾಯಿಯ ಮುಖವನ್ನೇ ನೋಡುತ್ತ ನಿಂತಳು. ಒಳಗೆ ಮೈಕಿನಲ್ಲಿ ಮುಂದಿನ ತಂಡದ ಹೆಸರುಗಳನ್ನು ಓದತೊಡಗಿದರು. ಇರಮ್‌ಳ ಹೆಸರನ್ನು ಎರಡು ಸಲ ತಪ್ಪಾಗಿ ಓದಿ, ಮೂರನೆಯ ಸಲ ಸರಿಮಾಡಿದರು. ಆಗ ಅವಳು ಬೆನ್ನು ತಿರುಗಿಸಿ ಒಳಗೆ ನಡೆದಳು.